ಪಾದದ ಮೇಲೆ ಮೂರು ಬೆರಳು

ಸುನಿಲ್ದಾಗೆ ಯಾವುದಾದರೂ ವಿಷಯ ಅರ್ಧ ತಿಳಿದು ಅರ್ಧ ಉಳಿದುಬಿಟ್ಟರೆ ಆ ದಿನ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಪಕ್ಕದ ಮನೆಗೆ ಹೊಸ ಫ್ರಿಜ್ ಬಂದರೆ ಒಳಗೆ ತಣ್ಣಗಿರುವ ಪೆಟ್ಟಿಗೆ ಹಿಂದುಗಡೆ ಯಾಕೆ ಬಿಸಿ ಅಂತ ಕೈಯಿಟ್ಟು ನೋಡಿ ಬರಬೇಕು. ಪಾದ್ರಿಯವರು ಹಲ್ಲು ಕಟ್ಟಿಸಿಕೊಂಡರೆ ಮಲಗುವಾಗ ಅದನ್ನು ಎಲ್ಲಿಡುತ್ತೀರಿ ಅಂತ ಇಗರ್ಜಿಯ ಮೆಟ್ಟಿಲಲ್ಲೇ ನಿಲ್ಲಿಸಿ ಕೇಳಬೇಕು. ಮೊನ್ಸಿಯೋನ್ ಊರಿನ ಹೆಂಗಸರು ಅವಳು ದೂರದಲ್ಲಿ ಕಂಡರೇ ಸಾಕು, "ಬಂತಪ್ಪಾ ತನಿಖಾ ದಳ" ಅಂತ ಮುಸಿಮುಸಿ ನಗುತ್ತಿದ್ದರು. ನಗಲಿ ಬಿಡಿ. ಅವಳ ಎಡಗಾಲು ಅವಳ ಮೈಗೇ ಉಳಿಯುತ್ತದೋ ಇಲ್ಲವೋ ಅನ್ನುವ ಪ್ರಶ್ನೆ ಕೊನೆಗೆ ಬಂದು ನಿಂತಿದ್ದು ಆ ಹಾಳು ಚಾಳಿಯ ಮೇಲೇ.

ಅವಳದು ಕಸಾಬೆ ಸುಡುವ ಕೆಲಸ. ಮರಗೆಣಸನ್ನು ತುರಿದು, ಹಿಂಡಿ, ಒಣಗಿಸಿದ ಹಿಟ್ಟನ್ನು ಎತ್ತಿನ ಗಾಡಿಯ ಚಕ್ರದಷ್ಟು ಅಗಲದ ಕಾವಲಿಯ ಮೇಲೆ ಹರಡಿ ರೊಟ್ಟಿ ಮಾಡುವುದು. ಕೆಳಗೆ ಸೌದೆಯ ಬೆಂಕಿ, ಮೇಲೆ ತಗಡಿನ ಸೂರು, ನಡುವೆ ಬೆವರು ಸುರಿಸುತ್ತ ನಿಂತ ಹೆಂಗಸರು. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಅವಳು ಅಲ್ಲೇ ನಿಂತಿದ್ದಾಳೆ. ಅಕ್ಕ ದಿಗ್ನಾ ಕೂಡ ಅಲ್ಲೇ ನಿಂತಿದ್ದವಳು. ಈಗ ದಿಗ್ನಾ ನಿಲ್ಲುವುದಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಸುಟ್ಟ ಕಸಾಬೆಯನ್ನು ಕಾಗದದಲ್ಲಿ ಸುತ್ತುತ್ತಾಳೆ. ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ.

ಸಕ್ಕರೆ ಕಾಯಿಲೆ. ಅಕ್ಕತಂಗಿಯರಿಬ್ಬರಿಗೂ ಇದೆ, ಅವರ ತಾಯಿಗೂ ಇತ್ತು. ಈ ಕಾಯಿಲೆಯ ಕೆಟ್ಟ ಬುದ್ಧಿ ಏನು ಗೊತ್ತೇ? ಅದು ಮೊದಲು ಪಾದದ ನೋವನ್ನೇ ಕದ್ದುಬಿಡುತ್ತದೆ. ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ, ಕೆಂಡ ತುಳಿದರೂ ಗೊತ್ತಾಗುವುದಿಲ್ಲ. ದಿಗ್ನಾಗೆ ಹೆಬ್ಬೆರಳ ಬುಡದಲ್ಲಿ ಒಂದು ಗಾಯ ಆಯಿತು. ಗೊತ್ತಾಗುವ ಹೊತ್ತಿಗೆ ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಕಾಲು. ಆವತ್ತಿನಿಂದ ಸುನಿಲ್ದಾಗೆ ಇರುವ ಭಯ ಒಂದೇ, ಅಕ್ಕನ ದಾರಿಯೇ ನನ್ನದೂ ಆಗಿಬಿಟ್ಟರೆ ಅಂತ.

ಹಾಗಾಗಿ ಡಾಕ್ಟರ್ ಯೋಕಾಸ್ತ ಅನ್ನುವವಳು ಸಂತಿಯಾಗೋ ಪಟ್ಟಣದಿಂದ ಕ್ಯಾಮೆರಾ ಹೊತ್ತು ತಂದಾಗ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವಳು ಸುನಿಲ್ದಾ. ಅದು ಮುಖದ ಚಿತ್ರ ತೆಗೆಯುವ ಕ್ಯಾಮೆರಾ ಅಲ್ಲ, ಮೈಯ ಕಾವಿನ ಚಿತ್ರ ತೆಗೆಯುವಂಥದ್ದು. ಬಿಸಿ ಇದ್ದ ಕಡೆ ಹಳದಿ, ಕೆಂಪು, ತೀರಾ ಬಿಸಿಯಿದ್ದರೆ ಬಿಳಿ, ನಡುವಿನ ಕಾವಿಗೆ ಹಸಿರು, ತಣ್ಣಗಿದ್ದ ಕಡೆ ನೀಲಿ. ಪಾದದಲ್ಲಿ ಹುಣ್ಣು ಬಾಯಿ ತೆರೆಯುವುದಕ್ಕೆ ಎಷ್ಟೋ ದಿನ ಮುಂಚೆಯೇ ಆ ಜಾಗ ಒಳಗೊಳಗೇ ಬಿಸಿಯಾಗುತ್ತದಂತೆ. ಕಣ್ಣಿಗೆ ಕಾಣದ್ದು, ಕಾಲಿಗೆ ತಿಳಿಯದ್ದು ಈ ಕ್ಯಾಮೆರಾಗೆ ಕಾಣುತ್ತದೆ. ಇಷ್ಟು ಕೇಳಿದ್ದೇ ತಡ, ಸುನಿಲ್ದಾ ಡಾಕ್ಟರನ್ನು ಹಿಡಿದುಕೊಂಡಳು. ಸತ್ತ ಕೋಳಿಯ ಚಿತ್ರ ಹೇಗೆ ಬರುತ್ತದೆ? ಸುಳ್ಳು ಹೇಳುವವನ ಮೂಗು ಬಿಸಿಯಾಗುತ್ತದಾ? ಪಾದ್ರಿಯವರ ಆ ಹೊಸ ಹಲ್ಲು ಯಾವ ಬಣ್ಣ? ಯೋಕಾಸ್ತ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಮೊದಲ ಸಲದ ಚಿತ್ರ ಚೆನ್ನಾಗಿ ಬಂದಿತ್ತು. ಎರಡೂ ಪಾದ ನೀಲಿ. ಅವಳದಷ್ಟೇ ಅಲ್ಲ, ಕಸಾಬೆ ಸುಡುವ ಹೆಂಗಸರೆಲ್ಲರದೂ ನೀಲಿಯೇ. ಇಂದು ಎರಡನೆಯ ಸಲ.

"ಕಾಲು ಚಾಚು," ಅಂದಳು ದಿಗ್ನಾ, ಮನೆಯ ಬಾಗಿಲಲ್ಲೇ.

"ಹೊತ್ತಾಯ್ತಕ್ಕಾ. ಆಸ್ಪತ್ರೆಲಿ ಬೆಲ್ಕಿಸ್ ಕಾಯ್ತಿರ್ತಾಳೆ."

"ಬೆಂಕಿ ಮುಂದಿನಿಂದ ಎದ್ದು ಬಂದೋಳು ಸೀದಾ ಆ ಐಸ್ ಪೆಟ್ಟಿಗೆ ಥರದ ರೂಮಿಗೆ ನುಗ್ತೀಯಾ? ಪಾಸ್ಮೊ ಹೊಡೆದು ಬಾಯಿ ಸೊಟ್ಟಗಾಗಿಬಿಟ್ರೆ ನಿನ್ನ ಪ್ರಶ್ನೆನೆಲ್ಲಾ ಯಾರು ಕೇಳ್ತಾರೆ? ಚಾಚು ಅಂದ್ನಲ್ಲ!"

ಪಾಸ್ಮೊ ಅಂದರೆ ಹುಡುಗಾಟ ಅಲ್ಲ. ಕಾದ ಮೈಗೆ ತಣ್ಣನೆಯದು ತಾಕಿದರೆ ನರ ಹಿಡಿದುಕೊಳ್ಳುತ್ತದೆ, ಕೈಕಾಲು ಸೆಟೆದುಕೊಳ್ಳುತ್ತದೆ. ಇಸ್ತ್ರಿ ಮಾಡಿದ ಹೆಂಗಸು ಆವತ್ತು ಫ್ರಿಜ್ಜಿನ ಬಾಗಿಲು ತೆಗೆಯುವುದಿಲ್ಲ. ಕಾವಲಿ ಮುಂದೆ ನಿಂತವಳು ಮೈ ಆರುವವರೆಗೆ ಕೈ ತೊಳೆಯುವುದಿಲ್ಲ. ತಣ್ಣನೆಯ ಕಡೆ ಹೋಗಲೇಬೇಕಾಗಿ ಬಂದರೆ ಇದ್ದೇ ಇದೆಯಲ್ಲ ಬೆರ್ರೋನ್! ಘಮಘಮ ಎಲೆ ಹಾಕಿದ ಸಾರಾಯಿಯ ಎಣ್ಣೆ ಅನ್ನಿ, ನೀರು ಅನ್ನಿ. ತಲೆನೋವಿಗೂ ಅದೇ, ನೆಗಡಿಗೂ ಅದೇ, ದೃಷ್ಟಿ ತೆಗೆಯಲಿಕ್ಕೂ ಅದೇ. ಅಲ್ಲಿ ಯಾವ ಮನೆಗೆ ಕಾಲಿಟ್ಟರೂ ಆ ವಾಸನೆ ಇದ್ದದ್ದೇ. ಎಷ್ಟು ಇದ್ದದ್ದು ಅಂದರೆ, ಯಾರ ಮೂಗಿಗೂ ಅದು ವಾಸನೆ ಅನ್ನಿಸುವುದೇ ಇಲ್ಲ.

ದಿಗ್ನಾ ತಂಗಿಯ ಪಾದವನ್ನು ಮಡಿಲಿಗೆಳೆದುಕೊಂಡು ಹಿಮ್ಮಡಿಯಿಂದ ಬೆರಳಿನವರೆಗೆ ಬೆರ್ರೋನ್ ಸವರಿ ತಿಕ್ಕಿದಳು. ಸವರುವ ಕೈಯ ಕಿರುಬೆರಳು ಸಂಧಿವಾತದಿಂದ ಮಡಚಿಕೊಂಡು ಒಳಗೇ ಸೇರಿಬಿಟ್ಟಿತ್ತು. ಆಮೇಲೆ ಅವಳೇ ಕಾಲುಚೀಲ ತೊಡಿಸಿದಳು. ಬಾಟಲಿಯನ್ನು ಲಂಗದ ಮಡಿಕೆಯಲ್ಲಿ ಇಟ್ಟುಕೊಂಡು, "ಹೋದ ಸಲದ ಹಾಗೆ ನಾನೂ ಬರ್ತೀನಿ. ಆ ಡಾಕ್ಟ್ರಮ್ಮನ ಯಂತ್ರ ಈ ಸಲ ಸರಿಯಾಗಿ ನೋಡ್ಬೇಕು" ಅಂದಳು.

ಆಸ್ಪತ್ರೆ ಅಂದರೆ ದೊಡ್ಡದಲ್ಲ, ಎರಡು ಕೋಣೆಯ ದವಾಖಾನೆ. ಅದರಲ್ಲೊಂದಕ್ಕೆ ಎಸಿ ಹಾಕಿ ಗವಿಯ ಹಾಗೆ ತಣ್ಣಗೆ ಮಾಡಿಟ್ಟಿದ್ದರು. ಬೆಲ್ಕಿಸ್ ಅನ್ನುವ ದಾದಿ ಬಂದವರನ್ನು ಕೂರಿಸಿ, ಕಾಲನ್ನು ಎತ್ತರದ ಮಣೆಯ ಮೇಲೆ ಇಡಿಸಿ, ಕಾಲು ಗಂಟೆ ಬರಿಗಾಲಲ್ಲಿ ಸುಮ್ಮನಿರಿಸಬೇಕು. ಹೊರಗಿನ ಕಾವು ಇಳಿದ ಮೇಲೆ ಡಾಕ್ಟರು ಬಂದು ಚಿತ್ರ ತೆಗೆಯಬೇಕು. ಕಾನೂನು ಅದು. ಆದರೆ ಬೆಲ್ಕಿಸ್ ಕೂಡ ಅದೇ ಊರಿನ ಮಗಳಲ್ಲವೇ! ಬೆಂಕಿ ಮುಂದಿನಿಂದ ಎದ್ದು ಬಂದ ಹೆಂಗಸರನ್ನು ಆ ಚಳಿಯಲ್ಲಿ ಬರಿಗಾಲಲ್ಲಿ ಕೂರಿಸಲು ಅವಳ ಕರುಳು ಒಪ್ಪುತ್ತಿರಲಿಲ್ಲ.

"ಚೀಲ ಹಾಗೇ ಇರ್ಲಿ ದೋನ್ಯ ಸುನಿಲ್ದಾ. ಡಾಕ್ಟ್ರು ಬರೋ ಮುಂಚೆ ಹೇಳ್ತೀನಿ, ಆಗ ತೆಗೀರಿ," ಅಂದಳು. ಹಿರಿಯ ಹೆಂಗಸರನ್ನು ಅಲ್ಲಿ ಮರ್ಯಾದೆಗೆ ದೋನ್ಯ ಅಂತಲೇ ಕರೆಯುವುದು. "ಕಾಲಿಗೆ ಕ್ರೀಮು, ಮುಲಾಮು ಏನಾದ್ರೂ ಹಚ್ಚಿದ್ದೀರಾ?"

"ಏನೂ ಇಲ್ಲ ಮಗಳೇ," ಅಂದಳು ಸುನಿಲ್ದಾ. ಸುಳ್ಳಲ್ಲ. ಬೆರ್ರೋನನ್ನು ಯಾರು ಮುಲಾಮು ಅನ್ನುತ್ತಾರೆ? ಅದು ತಲೆ ಬಾಚಿಕೊಂಡ ಹಾಗೆ, ಯಾರೂ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

ಒಳಗಿನ ಕೋಣೆಯಲ್ಲಿ ಯೋಕಾಸ್ತಳ ಚಪ್ಪಲಿಯ ಸದ್ದಾಯಿತು. ಬೆಲ್ಕಿಸ್ ಸನ್ನೆ ಮಾಡಿದಳು. ಸುನಿಲ್ದಾ ಚೀಲ ಕಿತ್ತಳು. ದಿಗ್ನಾ ಸರಕ್ಕನೆ ಬಾಟಲಿ ತೆಗೆದು ಅಂಗೈಗೆ ಸುರಿದುಕೊಂಡು ಎರಡೂ ಪಾದಕ್ಕೆ ಹಿಮ್ಮಡಿಯಿಂದ ಬೆರಳಿನ ತನಕ ಒಂದೊಂದು ಸಲ ಜೋರಾಗಿ ಎಳೆದಳು. "ಚಳಿ ಒಳಗೆ ಹೋಗಬಾರ್ದು ನೋಡು." ಬೆಲ್ಕಿಸ್ ಬೇಡ ಅನ್ನಲಿಲ್ಲ, ತಾನೂ ಅಂಗೈ ಚಾಚಿದಳು. ಅವಳ ಕೈಗೂ ಒಂದು ಹನಿ ಬಿತ್ತು. ಅದನ್ನವಳು ಕುತ್ತಿಗೆಗೆ ಹಚ್ಚಿಕೊಂಡಳು. ದಿನವಿಡೀ ಆ ಕೋಣೆಯಲ್ಲಿ ಇರುವವಳು, ಪಾಪ.

ಯೋಕಾಸ್ತ ಬಂದು ಕ್ಯಾಮೆರಾ ಹಿಡಿದು ಚಿತ್ರ ತೆಗೆದಳು. ಪರದೆ ನೋಡಿದವಳ ಮುಖ ಅರಳಿತು.

"ಅಬ್ಬಬ್ಬಾ, ಏನ್ ಪಾದ ರೀ ನಿಮ್ದು! ಬನ್ನಿ ನೋಡ್ಬನ್ನಿ. ಅಲ್ಲ, ಏಳ್ಬೇಡಿ, ನಾನೇ ತರ್ತೀನಿ."

ಅಕ್ಕತಂಗಿಯರ ಎದುರಿಗೆ ಪರದೆ ಬಂತು. ಪರದೆ ತುಂಬ ಎರಡು ನೀಲಿ ಪಾದ. ದಿಗ್ನಾ ಬಾಯಿ ಬಿಟ್ಟುಕೊಂಡು ನೋಡಿದಳು. "ನೋಡಿದ್ಯಾ," ಅಂತ ತಂಗಿಯ ತೊಡೆಗೆ ಗುದ್ದಿದಳು, "ನೋಡಿದ್ಯಾ, ನಾನ್ ಹೇಳಿರ್ಲಿಲ್ವಾ!" ಅವಳ ಕಣ್ಣಲ್ಲಿ ನೀರೇ ಬಂದುಬಿಟ್ಟಿತು. ತನ್ನ ಕಾಲು ಹೋದರೂ ತಂಗಿಯ ಕಾಲನ್ನು ತನ್ನ ಕೈ ಕಾಪಾಡಿತು ಅನ್ನುವ ಸಂತೋಷ ಅದು. ಅವಳ ಮುಖದಲ್ಲಿ ಅಂಥ ಕಳೆ ನೋಡಿ ಎಷ್ಟು ವರ್ಷವಾಗಿತ್ತೋ.

"ದೋನ್ಯ, ನೀವಿನ್ನು ಅಪಾಯದ ಸಾಲಿನಲ್ಲಿಲ್ಲ," ಅಂದಳು ಯೋಕಾಸ್ತ. "ತಿಂಗಳು ತಿಂಗಳು ಬರೋದು ಬೇಡ. ಮುಂದಿನ ವರ್ಷ ಬಂದ್ರೆ ಸಾಕು. ನಿಮ್ಮ ಕಸಾಬೆ ಹೆಂಗಸರದ್ದೆಲ್ಲಾ ಒಂದೇ ಕಥೆ. ಜೀವನವಿಡೀ ಬೆಂಕಿ ಮುಂದೆ ನಿಂತು ನಿಂತು ನಿಮ್ಮ ರಕ್ತನಾಳಗಳು ಕಾವನ್ನು ಹೊರಹಾಕೋಕೆ ಹೊಸ ದಾರಿ ಮಾಡ್ಕೊಂಡಿರಬೇಕು ಅಂತ ನನ್ನ ಅನುಮಾನ. ಇಲ್ನೋಡಿ, ಈ ಗೆರೆಗಳು."

ಪಾದದ ಉದ್ದಕ್ಕೂ, ಹಿಮ್ಮಡಿಯಿಂದ ಬೆರಳಿನ ಕಡೆಗೆ, ಸುತ್ತಲಿನದಕ್ಕಿಂತ ಗಾಢವಾದ ನೀಲಿ ಗೆರೆಗಳು.

"ಎಲ್ರಿಗೂ ಇದೆಯಾ ಇದು?" ಸುನಿಲ್ದಾ ಮುಂದಕ್ಕೆ ಬಾಗಿದಳು.

"ಕಸಾಬೆಯೋರು ಎಲ್ರಿಗೂ. ಬೇರೆ ಯಾರಿಗೂ ಇಲ್ಲ. ತಮಾಷೆ ಏನು ಗೊತ್ತಾ? ಎಲ್ರಿಗೂ ನಾಲ್ಕು ನಾಲ್ಕು ಗೆರೆ, ನಿಮಗೆ ಮಾತ್ರ ಮೂರು. ಹೋದ ಸಲವೂ ಮೂರು. ಯಾಕೆ ಅಂತ ನಂಗಿನ್ನೂ ತಿಳೀತಿಲ್ಲ. ಸಂತಿಯಾಗೋದಲ್ಲಿ ದೊಡ್ಡ ಡಾಕ್ಟರುಗಳ ಸಭೆ ಇದೆ, ಅಲ್ಲಿ ನಿಮ್ಮ ಪಾದ ತೋರಿಸ್ತೀನಿ."

"ಸಭೆಲಿ ನಿನ್ ಪಾದ!" ದಿಗ್ನಾ ಚಪ್ಪಾಳೆ ತಟ್ಟಿದಳು. "ಊರಿಗೆಲ್ಲಾ ಕಾಲು ತೋರಿಸ್ಕೊಂಡು ಬಾ ಹೋಗೇ, ಸುಂದರಿ!"

ಬೆಲ್ಕಿಸ್ ನಕ್ಕಳು, ಯೋಕಾಸ್ತ ನಕ್ಕಳು. ಸುನಿಲ್ದಾ ಮಾತ್ರ ನಗಲಿಲ್ಲ. ಅವಳ ಕಣ್ಣು ಪರದೆಯಿಂದ ಅಕ್ಕನ ಕೈಗೆ ಹೋಯಿತು. ಚಪ್ಪಾಳೆ ತಟ್ಟಿ ಮಡಿಲಲ್ಲಿ ಮಲಗಿದ್ದ ಆ ಕೈಯಲ್ಲಿ ಹೆಬ್ಬೆರಳು ಬಿಟ್ಟರೆ ನೆಟ್ಟಗಿದ್ದ ಬೆರಳು ಮೂರು. ಕಿರುಬೆರಳು ಎಂದಿನ ಹಾಗೆ ಒಳಗೆ.

ಅವಳು ಮತ್ತೆ ಪರದೆ ನೋಡಿದಳು.

ಮೂರು ಗೆರೆ. ಉಳಿದವರಿಗೆ ನಾಲ್ಕು. ಉಳಿದವರ ಜೊತೆ ಬಂದು ಹಚ್ಚುವವರು ಸೊಸೆಯೋ, ಮಗಳೋ, ನೆಟ್ಟಗಿನ ಬೆರಳಿನವರು. ಹಾಗಾದರೆ ಇದು ರಕ್ತನಾಳವೂ ಅಲ್ಲ, ಹೊಸ ದಾರಿಯೂ ಅಲ್ಲ. ಹಾಗಾದರೆ ಈ ನೀಲಿ? ಈ ನೀಲಿ ನನ್ನ ಪಾದದ್ದೋ, ಬಾಟಲಿಯದೋ?

ಸುಮ್ಮನಿದ್ದುಬಿಡಬಹುದಿತ್ತು. ಖರೆ ಹೇಳಬೇಕೆಂದರೆ ಸುಮ್ಮನಿರಲಿಕ್ಕೆ ಅವಳಿಗೆ ತುಂಬಾ ಆಸೆಯಾಯಿತು. ಒಂದು ವರ್ಷ ನೆಮ್ಮದಿ. ಸಭೆಯಲ್ಲಿ ತನ್ನ ಪಾದ. ಎಲ್ಲಕ್ಕಿಂತ ಹೆಚ್ಚಾಗಿ, ಅಕ್ಕನ ಮುಖದ ಆ ಕಳೆ. ಅದನ್ನು ಅವಳ ಕಣ್ಣೆದುರೇ ಆರಿಸುವುದು ಹೇಗೆ? ಕಾಲುಚೀಲವನ್ನು ಕೈಗೆತ್ತಿಕೊಂಡಳು. ಒಂದು ಕಾಲಿಗೆ ಅರ್ಧ ತೊಟ್ಟೂ ತೊಟ್ಟಳು. ಆದರೆ ಅರ್ಧ ಗೊತ್ತಾಗಿ ಅರ್ಧ ಉಳಿದ ವಿಷಯ ಅವಳ ಹೊಟ್ಟೆಯಲ್ಲಿ ಯಾವತ್ತು ಜೀರ್ಣವಾಗಿದೆ? ಚೀಲವನ್ನು ಕಿತ್ತು ಬಿಸಾಡಿದಳು.

"ಡಾಕ್ಟ್ರಮ್ಮಾ, ಆ ಕ್ಯಾಮೆರಾನ ಗೋಡೆ ಕಡೆ ಹಿಡೀರಿ."

"ಯಾಕೆ?"

"ಹಿಡೀರಿ ಅಂದೆ. ಅಕ್ಕಾ, ಅಂಗೈಗೆ ಬೆರ್ರೋನ್ ಹಾಕ್ಕೊಂಡು ಗೋಡೆ ಮೇಲೆ ಒಂದ್ಸಲ ಎಳಿ."

"ತಲೆ ಕೆಟ್ಟಿದೆಯೇನೇ? ಗೋಡೆಗೂ ಪಾಸ್ಮೊ ಹೊಡೆಯುತ್ತಾ?" ಅನ್ನುತ್ತಲೇ ದಿಗ್ನಾ ಎಳೆದಳು. ತಂಗಿಯ ಹುಚ್ಚಿಗೆ ಕುಣಿದು ಅವಳಿಗೂ ಅಭ್ಯಾಸ.

ಪರದೆಯ ಮೇಲೆ ಗೋಡೆ ತಿಳಿನೀಲಿಯಾಗಿತ್ತು. ಅದರ ಮೇಲೆ ಮೂರು ಗಾಢ ನೀಲಿ ಗೆರೆ ಮೂಡಿ ನಿಂತವು.

ಯೋಕಾಸ್ತ ಕ್ಯಾಮೆರಾ ಇಳಿಸಿ ಗಾಳಿಯನ್ನು ಮೂಸಿದಳು, ಹುಟ್ಟಿದಾಗಿನಿಂದ ಮೂಗಲ್ಲೇ ಇದ್ದ ವಾಸನೆಯನ್ನು ಮೊದಲ ಸಲ ಮೂಸುವವಳ ಹಾಗೆ. "ಬೆರ್ರೋನ್," ಅಂದಳು. ಮೆಲ್ಲಗೆ ಬೆಲ್ಕಿಸ್ ಕಡೆ ತಿರುಗಿದಳು. "ಎಲ್ರೂ ಹಚ್ಕೊಂಡೇ ಬರ್ತಾರಾ?"

"ಹಚ್ದೇ ಹೇಗ್ ಬರ್ತಾರೆ ಡಾಕ್ಟ್ರೇ?" ಬೆಲ್ಕಿಸ್ ದಂಗಾಗಿದ್ದಳು. "ನೀವೇ ಬೆಳಿಗ್ಗೆ ತಲೆನೋವು ಅಂತ ನನ್ನ ಹತ್ರ ಇಸ್ಕೊಂಡು ಹಣೆಗೆ ಹಚ್ಕೊಂಡ್ರಲ್ಲ!"

ಯೋಕಾಸ್ತ ಹಣೆ ಮುಟ್ಟಿಕೊಂಡಳು. ದೊಪ್ಪನೆ ಕುರ್ಚಿಯಲ್ಲಿ ಕೂತಳು. ಮೊದಲು ನಗು ಬಂತು, ಆಮೇಲೆ ಅಳು ಬರುವ ಹಾಗಾಯಿತು. ಇಷ್ಟು ದಿನದ ಕೆಲಸ ನೀರಲ್ಲಿ ಹೋಮ. "ಬೇರೆ ದೇಶದೋರು ಯಾರಾದ್ರೂ ಬಂದಿದ್ರೆ ಬಾಗಿಲಲ್ಲೇ ಕೇಳಿರೋರು, ಇದೇನು ವಾಸನೆ ಅಂತ," ಅಂದಳು. "ನಮಗೆ ಹೇಗೆ ಗೊತ್ತಾಗ್ಬೇಕು? ಇದು ನಮ್ಮಜ್ಜಿ ವಾಸನೆ ರೀ. ಸಾರಾಯಿ ಆರ್ತಾ ಆರ್ತಾ ಚರ್ಮ ತಣ್ಣಗೆ ಮಾಡುತ್ತೆ. ನಾನು ಅಳೆದಿದ್ದು ನಿಮ್ಮ ಪಾದ ಅಲ್ಲ, ಬಾಟಲಿ."

"ಹಂಗಾದ್ರೆ ನನ್ ಪಾದ ಎಲ್ಲಿ?" ಅಂದಳು ಸುನಿಲ್ದಾ. "ಒರೆಸಿ. ನೋಡೋಣ."

ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಒತ್ತಿ, ಕಾಲನ್ನು ಮತ್ತೆ ಮಣೆಯ ಮೇಲೆ ಇಟ್ಟರು. ಈ ಸಲ ಚೀಲ ಇಲ್ಲ, ಹನಿ ಇಲ್ಲ. ಕ್ಯಾಮೆರಾವನ್ನು ಎದುರಿಗೇ ನಿಲ್ಲಿಸಿ ಪರದೆಯನ್ನು ಅವಳ ಕಡೆ ತಿರುಗಿಸಿದರು. ನಾಲ್ಕು ಜನವೂ ದೂರದರ್ಶನದ ಧಾರಾವಾಹಿ ನೋಡುವವರ ಹಾಗೆ ಕೂತರು. ದಿಗ್ನಾ ಬಾಟಲಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಳು.

ಗೆರೆಗಳು ಮಾಸಿದವು. ನೀಲಿ ತಿಳಿಯಾಯಿತು, ಹಸಿರು ಬಂತು. ಬಲಪಾದ ಹಸಿರಾಗಿ ನಿಂತುಬಿಟ್ಟಿತು. ಎಡಪಾದವೂ ಹಸಿರಾಯಿತು. ಸುನಿಲ್ದಾ ಉಸಿರುಬಿಟ್ಟಳು, "ನೋಡಿದ್ರಾ, ಚೆನ್ನಾಗೇ ಇದೆ" ಅಂತ ಹೇಳಲು ಬಾಯಿ ತೆರೆದಳು. ಆಗ ಹೆಬ್ಬೆರಳ ಬುಡದಲ್ಲಿ ಹಳದಿಯ ಒಂದು ಚುಕ್ಕೆ ಕಂಡಿತು. ಅದು ಅಗಲವಾಯಿತು. ಕೆಂಪಾಯಿತು. ನಡುವೆ ಬೆಳ್ಳಗಾಯಿತು.

ದಿಗ್ನಾಳ ಬಾಯಿಂದ "ಅಯ್ಯೋ" ಅಂತ ಒಂದೇ ಮಾತು ಬಂತು. ಅದು ಯಾವ ಜಾಗ ಅಂತ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳದು ಶುರುವಾದದ್ದೂ ಅಲ್ಲೇ.

ಯೋಕಾಸ್ತ ಕೈಗವಸು ತೊಟ್ಟು ಆ ಜಾಗ ಒತ್ತಿದಳು. "ನೋವಾಗುತ್ತಾ?"

"ಎಲ್ಲಿ ಒತ್ತಿದ್ರಿ?" ಅಂದಳು ಸುನಿಲ್ದಾ. ಅದೇ ಉತ್ತರ.

ಗಟ್ಟಿ ಚರ್ಮವನ್ನು ಪದರ ಪದರವಾಗಿ ಹೆರೆದಾಗ ಕೆಳಗಿನಿಂದ ಕೆಂಚು ನೀರು ಒಸರಿತು. ಹುಣ್ಣು ಒಳಗೇ ಕೂತು ಬಾಯಿ ತೆರೆಯಲು ಹೊಂಚುಹಾಕುತ್ತಿತ್ತು. ಯೋಕಾಸ್ತ ಎಲುಬು ತಾಕುತ್ತದೋ ಅಂತ ಪರೀಕ್ಷಿಸಿ ನೋಡಿದಳು.

"ಎಲುಬಿಗೆ ಇಳಿದಿಲ್ಲ," ಅಂದಳು ಕೊನೆಗೆ. "ಕಾಲು ಉಳಿಯುತ್ತೆ ದೋನ್ಯ. ಆದ್ರೆ ಇವತ್ತಿಂದ ಕಾವಲಿ ಮುಂದೆ ನಿಲ್ಲೋ ಹಾಗಿಲ್ಲ. ಇದು ಮಾಯೋವರೆಗೆ ಆ ಕಾಲನ್ನ ನೆಲಕ್ಕೂರಿ ಭಾರ ಬಿಡಬಾರದು. ಮುಂದಿನ ವರ್ಷ ಬಂದಿದ್ರೆ..."

ದಿಗ್ನಾ ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದಳು. "ನನ್ ಕೈನೇ ಮುಚ್ಚಿಟ್ಟಿತ್ತು," ಅಂದಳು. "ದಿನಾ ತಿಕ್ಕಿ ತಿಕ್ಕಿ ನಾನೇ ಮುಚ್ಚಿಟ್ಟೆ."

"ಸುಮ್ನಿರಕ್ಕಾ. ನಿನ್ ಕಿರುಬೆರಳು ನೆಟ್ಟಗಿದ್ದಿದ್ರೆ ನಂಗೆ ಅನುಮಾನನೇ ಬರ್ತಿರ್ಲಿಲ್ಲ."

"ನಾಟಕ ಮಾಡ್ಬೇಡ. ಡಾಕ್ಟ್ರಮ್ಮಾ, ಈ ಯಂತ್ರ ಇಲ್ದೆ ಇದು ಗೊತ್ತಾಗ್ತಾನೇ ಇರ್ಲಿಲ್ವಾ?"

ಯೋಕಾಸ್ತ ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು, ಮಾಡಲಿಲ್ಲ. "ಇಷ್ಟು ಬಿಸಿಯಾಗಿದ್ರೆ ಕೈಗೂ ಗೊತ್ತಾಗುತ್ತೆ. ಕೈ ಒಣಗಿರ್ಬೇಕು, ಪಾದವೂ ಒಣಗಿರ್ಬೇಕು. ಕೈಯ ಹಿಂಭಾಗ ಇಟ್ಟು ಎರಡೂ ಪಾದ ಹೋಲಿಸಿ ನೋಡ್ಬೇಕು."

ದಿಗ್ನಾ ಬಾಟಲಿಯನ್ನು ಬೆಲ್ಕಿಸ್ ಕೈಗೆ ಕೊಟ್ಟಳು. ಬಲಗೈಯನ್ನು ಲಂಗಕ್ಕೆ ಒರೆಸಿದಳು, ಮತ್ತೆ ಒರೆಸಿದಳು. ಒಣಗಿದ ಕೈಯನ್ನು ತಿರುಗಿಸಿ ತಂಗಿಯ ಬಲಪಾದಕ್ಕೆ ಇಟ್ಟಳು. ಆಮೇಲೆ ಎಡಪಾದದ ಗಾಯದ ಪಕ್ಕಕ್ಕೆ ಇಟ್ಟಳು. ಇಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

"ಸುಡ್ತಿದೆ ಕಣೇ," ಅಂದಳು. "ಒಲೆ ಮೇಲಿಂದ ಇಳಿಸಿದ ಪಾತ್ರೆ ಥರ ಇದೆ. ಇಷ್ಟು ಸುಲಭವಾ?" ಆಮೇಲೆ ಕೇಳಿದಳು, "ನನ್ ಕಾಲಿಗೆ ಆಗ ನೀನೇ ಅಲ್ವೇನೇ ಹಚ್ತಿದ್ದಿದ್ದು? ದಿನಾ ಬೆಳಿಗ್ಗೆ?"

"ನಾನೇ," ಅಂದಳು ಸುನಿಲ್ದಾ.

"ಒದ್ದೆ ಕೈಲಿ."

"ಒದ್ದೆ ಕೈಲಿ ಅಕ್ಕಾ."

ಪ್ರಶ್ನೆ ಕೇಳುವುದನ್ನು ಸುನಿಲ್ದಾ ಮರೆತದ್ದು ಬಹುಶಃ ಆವತ್ತೊಂದೇ ದಿನ. ಅಕ್ಕನ ಕೊರಳು ತಬ್ಬಿಕೊಂಡು ಅತ್ತಳು. ದಿಗ್ನಾ ಅವಳ ಬೆನ್ನು ಸವರುತ್ತ, "ಆಯ್ತು, ಆಯ್ತು ಬಿಡು. ನಮಗೇನು ಗೊತ್ತಿತ್ತು," ಅನ್ನುತ್ತಿದ್ದಳು. ಬೆಲ್ಕಿಸ್ ಸದ್ದಿಲ್ಲದೆ ಹೋಗಿ ಎಸಿ ಆರಿಸಿದಳು.

ಕಸಾಬೆ ಹೆಂಗಸರನ್ನೆಲ್ಲ ಯೋಕಾಸ್ತ ಮೊದಲಿನಿಂದ ಮತ್ತೆ ಕರೆಸಿದಳು. "ತನಿಖಾ ದಳದ ಕೃಪೆ, ನಮ್ಮ ಚೆಂದದ ನೀಲಿ ಪಾದ ಎಲ್ಲಾ ಹಾಳಾಯ್ತು" ಅಂತ ಅವರು ಬೈದುಕೊಂಡೇ ಬಂದರು. ಬಂದವರಲ್ಲಿ ಇನ್ನೂ ಕೆಲವರ ಪಾದದಲ್ಲಿ ಬಿಳಿ ಚುಕ್ಕೆ ಸಿಕ್ಕಿತು. ಆಮೇಲೆ ಯಾರೂ ಬೈಯಲಿಲ್ಲ.

ಸುನಿಲ್ದಾಳ ಗಾಯ ನಿಧಾನವಾಗಿ ಮಾಯಿತು. ಆ ದಿನಗಳಲ್ಲಿ ಅವಳೂ ಅಕ್ಕನ ಪಕ್ಕದಲ್ಲಿ ಕೂತು ಕಸಾಬೆ ಸುತ್ತಿದಳು. ಅಂಗಳದಲ್ಲಿ ಹೋಗಿ ಬರುವವರನ್ನೆಲ್ಲ ಕರೆದು ಪ್ರಶ್ನೆ ಕೇಳಿ ಪ್ರಾಣ ತಿಂದಳು. ಬೆಳಿಗ್ಗೆ ಕಾಫಿಗೂ ಮುಂಚೆ ದಿಗ್ನಾ ಕೈಯನ್ನು ಲಂಗಕ್ಕೆ ಒರೆಸಿಕೊಂಡು, "ಕಾಲು ಚಾಚು" ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಹಾಗೆ ಎರಡೂ ಪಾದವನ್ನು ಮುಟ್ಟಿ ನೋಡಿ, "ಎರಡೂ ಒಂದೇ ಥರ ಇದೆ ಕಣೇ," ಅಂದಳು.

"ಸರಿಯಾಗಿ ನೋಡಿದ್ಯಾ?"

"ನೋಡ್ದೆ."

"ಇನ್ನೊಂದ್ಸಲ ನೋಡು."

ದಿಗ್ನಾ ಬೈಯದೆ ಇನ್ನೊಂದು ಸಲ ನೋಡಿದಳು. ತಂಗಿಯ ಪಾದದಿಂದ ಎತ್ತಿದ ಕೈ ತಾನಾಗೇ ಕೆಳಗಿಳಿದು, ಅವಳದೇ ಬಲಪಾದ ಇರಬೇಕಾಗಿದ್ದ ಕಡೆ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಸುನಿಲ್ದಾ ಆ ಕೈಯನ್ನು ಹಿಡಿದು ತನ್ನ ಕಾಲಿನ ಮೇಲೆ ಇಟ್ಟುಕೊಂಡಳು. ಆಮೇಲೆ ಇಬ್ಬರೂ ಕಾಫಿ ಕುಡಿದರು.